ಹತ್ತು ದಿನದ ಕರಾರು

ಆಟದ ಲೋಕದಲ್ಲಿ ಹೆಸರು ಮಾಡಿದವರು ಬೆರಳೆಣಿಕೆಯಷ್ಟು. ಆಟವನ್ನೇ ನಂಬಿ ಹೊಟ್ಟೆ ಹೊರೆದವರು ಲೆಕ್ಕವಿಲ್ಲದಷ್ಟು. ಮೊದಲನೆಯವರ ಚಿತ್ರ ಮಕ್ಕಳ ನೋಟ್‌ಬುಕ್ಕಿನ ರಟ್ಟಿನ ಮೇಲೆ ಅಚ್ಚಾಗುತ್ತದೆ. ಎರಡನೆಯವರ ಹೆಸರು ಪಂದ್ಯದ ವಿವರದ ಕೊನೆಯ ಸಾಲಿನಲ್ಲಿ ಸಣ್ಣಕ್ಷರದಲ್ಲಿ ಬಂದು, ಮರುದಿನ ಅದೇ ಕಾಗದದಲ್ಲಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಹೋಗುತ್ತದೆ. ಬೀದರಿನ ಅಂಗಡಿಯಲ್ಲಿ ಬಿದ್ರಿ ಹೂಜಿ ಕೊಳ್ಳುವವರು ಅದರ ಮೈಮೇಲಿನ ಬೆಳ್ಳಿಯ ಬಳ್ಳಿಯನ್ನು ನೋಡಿ ತಲೆದೂಗುತ್ತಾರೆ. ಸತು, ತಾಮ್ರ ಕರಗಿಸಿ ಅಚ್ಚು ಹೊಯ್ದವನು ಯಾರು, ಉಳಿ ಹಿಡಿದು ಗೀರು ಕೊರೆದವನು ಯಾರು, ಕೋಟೆಯ ಮಣ್ಣಿಗೆ ನವಸಾಗರ ಕಲಸಿ ಲೋಹಕ್ಕೆ ಆ ಕಡುಗಪ್ಪು ಬರಿಸಿದವನು ಯಾರು ಎಂದು ಕೇಳುವವರು ವಿರಳ. ಆದರೆ ಆ ಮೂವರಿಲ್ಲದೆ ಹೂಜಿಯೇ ಇಲ್ಲ.

ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಈ ಎರಡನೆಯ ಬಗೆಯವರದೇ ಒಂದು ಜಾತಿ ಇದೆ. ಇವರಿಗೆ ಇಂಥದೇ ಊರಿನ ತಂಡ ಎಂದಿಲ್ಲ. ಈ ವರ್ಷ ಒಂದು ದೇಶ, ಮುಂದಿನ ವರ್ಷ ಇನ್ನೊಂದು. ಒಂದು ತಂಡದಲ್ಲಿ ಯಾರಿಗೋ ಮೊಣಕಾಲು ಉಳುಕಿದರೆ ಇವರಿಗೆ ಕರೆ ಬರುತ್ತದೆ. ಆತನ ಮೊಣಕಾಲು ನೆಟ್ಟಗಾದರೆ ಇವರ ಚೀಲ ಬಾಗಿಲಿಗೆ ಬರುತ್ತದೆ. ಕನ್ನಡದಲ್ಲಿ ಇವರನ್ನು ಏನೆಂದು ಕರೆಯಬೇಕು? ‘ಅಲೆಮಾರಿ’ ಎಂದರೆ ಗೌರವ ಕಡಿಮೆಯಾಯಿತು. ‘ವೃತ್ತಿಪರ’ ಎಂದರೆ ಬಹಳ ಆಯಿತು. ಊರೂರಿಗೆ ಹೋಗಿ ಕೆಲಸ ಮಾಡಿ ಬರುವ ಬಡಗಿ, ಗೌಂಡಿಗಳಿಗೆ ‘ಕಸುಬುದಾರ’ ಎನ್ನುತ್ತಾರಲ್ಲ, ಆ ಮಾತೇ ಇವರಿಗೂ ಒಪ್ಪುತ್ತದೆ.

ಹದಿನಾರು ಸೆಕೆಂಡು

2015ರ ಏಪ್ರಿಲ್ 7ರಂದು ಅಮೆರಿಕದ ಮಿನೆಸೋಟ ತಂಡದ ವಿರುದ್ಧ ಸ್ಯಾಕ್ರಮೆಂಟೊ ಕಿಂಗ್ಸ್ ತಂಡ ಆಡುತ್ತಿತ್ತು. ಪಂದ್ಯ ಮುಗಿಯಲು ಹದಿನಾರು ಸೆಕೆಂಡು ಉಳಿದಿದ್ದಾಗ ತರಬೇತುದಾರ ಒಬ್ಬ ಹೊಸ ಹುಡುಗನನ್ನು ಅಂಗಳಕ್ಕೆ ಕಳಿಸಿದರು. ಹುಡುಗನ ಎತ್ತರ ಏಳು ಅಡಿ ಐದು ಅಂಗುಲ, ಅಂದರೆ 2.26 ಮೀಟರ್. ಹೆಸರು ಸಿಮ್ ಭುಲ್ಲರ್. ಹುಟ್ಟಿದ್ದು 1992ರಲ್ಲಿ ಕೆನಡಾದ ಟೊರಾಂಟೊದಲ್ಲಿ. ತಂದೆ ತಾಯಿ ಪಂಜಾಬಿನವರು. ಎನ್‌ಬಿಎ ಎಂಬ ಜಗತ್ತಿನ ಅತಿ ಶ್ರೀಮಂತ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ಅಂಗಳಕ್ಕೆ ಕಾಲಿಟ್ಟ ಮೊಟ್ಟಮೊದಲ ಭಾರತೀಯ ಮೂಲದವನು ಅವನು. ಅವನನ್ನು ಕರೆಸಿದ ತಂಡದ ಒಡೆಯ ವಿವೇಕ್ ರಣದಿವೆ ಮುಂಬಯಿಯಲ್ಲಿ ಹುಟ್ಟಿದವರು.

ಭಾರತದ ಪತ್ರಿಕೆಗಳಲ್ಲಿ ಇದು ದೊಡ್ಡ ಸುದ್ದಿಯಾಯಿತು. ಆದರೆ ಸುದ್ದಿಯ ಒಳಗೆ ಒಂದು ಸಣ್ಣ ವಿವರ ಅಡಗಿತ್ತು. ಭುಲ್ಲರನಿಗೆ ಸಿಕ್ಕಿದ್ದು ಹತ್ತು ದಿನದ ಕರಾರು. ಎನ್‌ಬಿಎ ನಿಯಮದಲ್ಲಿ ಹೀಗೊಂದು ಏರ್ಪಾಡು ಇದೆ. ಋತುವಿನ ಎರಡನೆಯ ಅರ್ಧದಲ್ಲಿ ತಂಡಗಳು ಯಾರನ್ನಾದರೂ ಹತ್ತು ದಿನಕ್ಕೆ ಗೊತ್ತು ಮಾಡಿಕೊಳ್ಳಬಹುದು. ಒಂದೇ ತಂಡ ಒಬ್ಬನಿಗೆ ಒಂದು ಋತುವಿನಲ್ಲಿ ಇಂಥ ಕರಾರನ್ನು ಎರಡು ಸಲ ಮಾತ್ರ ಕೊಡಬಹುದು. ಆಮೇಲೂ ಬೇಕೆಂದರೆ ಋತು ಮುಗಿಯುವವರೆಗೆ ಇಟ್ಟುಕೊಳ್ಳಬೇಕು, ಬೇಡವೆಂದರೆ ಬಿಟ್ಟುಬಿಡಬೇಕು. ಭುಲ್ಲರ್ ಮೂರು ಪಂದ್ಯಗಳಲ್ಲಿ ಎಲ್ಲ ಸೇರಿ ಸುಮಾರು ಮೂರು ನಿಮಿಷ ಆಡಿದ, ಎರಡು ಅಂಕ ಗಳಿಸಿದ. ಹತ್ತು ದಿನ ಮುಗಿಯಿತು. ಎನ್‌ಬಿಎಯ ಬಾಗಿಲು ಅವನಿಗೆ ಮತ್ತೆ ತೆರೆಯಲಿಲ್ಲ.

ಪತ್ರಿಕೆಗಳು ಅಲ್ಲಿಗೆ ಕಥೆ ಮುಗಿಸಿದವು. ಆದರೆ ಭುಲ್ಲರನ ವೃತ್ತಿ ನಿಜವಾಗಿ ಶುರುವಾದದ್ದು ಆ ನಂತರವೇ. ಒಂದು ಋತು ಟೊರಾಂಟೊ ಬಳಿಯ ಕಿರಿಯ ತಂಡವೊಂದರಲ್ಲಿ ಆಡಿ, ಆಮೇಲೆ ಅವನು ತೈವಾನಿಗೆ ಹೋದ. ಅಲ್ಲಿನ ಲೀಗಿನಲ್ಲಿ ಅವನ ಎತ್ತರಕ್ಕೆ ಎದುರು ನಿಲ್ಲುವವರು ಕಡಿಮೆ. ದಾಚಿನ್ ಟೈಗರ್ಸ್ ಎಂಬ ತಂಡ, ನಂತರ ಚೀನಾದ ತಂಡ, ಮತ್ತೆ ತೈವಾನಿನ ಬೇರೆ ಬೇರೆ ತಂಡಗಳು, ಹೀಗೆ ವರ್ಷದ ಮೇಲೆ ವರ್ಷ ಅವನು ಆಡುತ್ತಲೇ ಹೋದ. ಅಮೆರಿಕದಲ್ಲಿ ಮೂರು ನಿಮಿಷದ ಮನುಷ್ಯ ತೈವಾನಿನಲ್ಲಿ ತಂಡದ ಕಂಬವಾದ. ಹತ್ತು ದಿನದ ಕರಾರಿನವನೆಂದು ಅವನನ್ನು ಸೋತವರ ಪಟ್ಟಿಗೆ ಸೇರಿಸಬೇಕೆ, ಇಷ್ಟು ವರ್ಷ ಆಟದಲ್ಲೇ ಬದುಕಿದನೆಂದು ಗೆದ್ದವರ ಪಟ್ಟಿಗೆ ಸೇರಿಸಬೇಕೆ? ಈ ಪ್ರಶ್ನೆ ಅಮೆರಿಕಕ್ಕಷ್ಟೇ ಸಂಬಂಧಿಸಿದ್ದಲ್ಲ. ಔರಾದಿನಲ್ಲೋ ಭಾಲ್ಕಿಯಲ್ಲೋ ಹತ್ತನೆಯ ತರಗತಿಯಲ್ಲಿ ಕುಳಿತು, ತರಗತಿಗೆಲ್ಲ ಎತ್ತರವಾಗಿರುವ ಕಾರಣಕ್ಕೆ ಕೊನೆಯ ಬೆಂಚಿಗೆ ಸೇರಿಸಲ್ಪಟ್ಟ ಹುಡುಗ ಹುಡುಗಿಯರಿಗೂ ಸಂಬಂಧಿಸಿದ್ದು.

ನಾನೂರ ಐವತ್ತು ಕುರ್ಚಿ

ಲೆಕ್ಕ ನೋಡೋಣವೆಂದರೆ ಲೆಕ್ಕ ಸುಲಭ. ಎನ್‌ಬಿಎಯಲ್ಲಿ 30 ತಂಡ. ಒಂದೊಂದರಲ್ಲಿ ಪೂರ್ಣ ಕರಾರಿನ ಆಟಗಾರರು ಹೆಚ್ಚೆಂದರೆ 15. ಒಟ್ಟು 450 ಕುರ್ಚಿ. ಇದರ ಜತೆಗೆ ಮೇಲಿನ ತಂಡಕ್ಕೂ ಕೆಳಗಿನ ತಂಡಕ್ಕೂ ಓಡಾಡುವ ಅರೆ ಕರಾರಿನವರು ಇದ್ದಾರೆ. 2023ರಿಂದ ತಂಡಕ್ಕೆ ಮೂವರಂತೆ. ಪ್ರತಿ ವರ್ಷ ಹೊಸಬರ ಆಯ್ಕೆ ನಡೆಯುತ್ತದೆ. ಎರಡು ಸುತ್ತು, ಸುಮಾರು ಅರವತ್ತು ಹೆಸರು. ಆಯ್ಕೆಯಾದ ಮಾತ್ರಕ್ಕೆ ಕುರ್ಚಿ ಸಿಗುವುದಿಲ್ಲ. ಮೊದಲ ಸುತ್ತಿನವರಿಗೆ ಕರಾರಿನ ಭರವಸೆ ಇರುತ್ತದೆ, ಎರಡನೆಯ ಸುತ್ತಿನವರಿಗೆ ಇಲ್ಲ. ಬಸ್ ಭರ್ತಿಯಾದ ಮೇಲೆ ಟಿಕೆಟ್ ಹರಿದುಕೊಟ್ಟ ಹಾಗೆ.

ಉಳಿದ ಸಾವಿರಾರು ಮಂದಿ ಎಲ್ಲಿಗೆ ಹೋಗುತ್ತಾರೆ? ಸ್ಪೇನ್, ಇಟಲಿ, ಟರ್ಕಿ, ಚೀನಾ, ಜಪಾನ್, ಫಿಲಿಪ್ಪೀನ್ಸ್, ಆಸ್ಟ್ರೇಲಿಯಾ, ಲೆಬನಾನ್, ಮೆಕ್ಸಿಕೊ. ಬಹುತೇಕ ಎಲ್ಲ ದೇಶಗಳಲ್ಲೂ ಒಂದು ತಂಡ ಎಷ್ಟು ಹೊರಗಿನವರನ್ನು ಇಟ್ಟುಕೊಳ್ಳಬಹುದು ಎಂಬುದಕ್ಕೆ ಮಿತಿ ಇದೆ. ಹಾಗಾಗಿ ಹೊರಗಿನಿಂದ ಬಂದವನು ಒಳಗಿನವರಿಗಿಂತ ಎರಡು ಪಾಲು ಚೆನ್ನಾಗಿ ಆಡಬೇಕು. ತಂಡ ಗೆದ್ದರೆ ಹೊಗಳಿಕೆ ಊರಿನವರಿಗೆ, ಸೋತರೆ ತೆಗಳಿಕೆ ಹೊರಗಿನವನಿಗೆ. ಕರಾರು ಸಾಮಾನ್ಯವಾಗಿ ಒಂದೇ ಋತುವಿನದು. ನಡುವೆ ದಲ್ಲಾಳಿ ಇರುತ್ತಾನೆ. ಎನ್‌ಬಿಎಯಲ್ಲಿ ಅವನ ಪಾಲು ನೂರಕ್ಕೆ ನಾಲ್ಕನ್ನು ಮೀರುವಂತಿಲ್ಲ. ಬೇರೆಡೆ ಲೆಕ್ಕ ಬೇರೆ. ಕಬ್ಬು ಕಡಿಯಲು ತಂಡ ಕಟ್ಟಿಕೊಂಡು ಹೋಗುವ ಬೀದರ್ ಸೀಮೆಯವರಿಗೆ ಮುಕಾದಮನ ಲೆಕ್ಕ ತಿಳಿಸಿಕೊಡಬೇಕಾಗಿಲ್ಲ. ಮುಂಗಡ ಎಷ್ಟು, ಋತು ಎಷ್ಟು ತಿಂಗಳು, ಕಾಯಿಲೆ ಬಿದ್ದರೆ ಯಾರ ಜವಾಬ್ದಾರಿ: ಪ್ರಶ್ನೆಗಳು ಅವೇ. ಒಂದೇ ವ್ಯತ್ಯಾಸವೆಂದರೆ, ಒಬ್ಬರು ಕಬ್ಬು ಕಡಿಯುತ್ತಾರೆ, ಇನ್ನೊಬ್ಬರು ಚೆಂಡು ಎಸೆಯುತ್ತಾರೆ.

ಹೊರಗಿನಿಂದ ಬಂದ ಕಸುಬುದಾರನ ಸುಖದುಃಖ ಬೀದರಿಗೆ ಹೊಸದೇನೂ ಅಲ್ಲ. ಬಹಮನಿ ಸುಲ್ತಾನರ ಕಾಲದಲ್ಲಿ ಪರ್ಷಿಯಾ ಮೊದಲಾದ ಕಡೆಯಿಂದ ಬಂದವರನ್ನು ‘ಅಫಾಕಿ’ಗಳೆಂದೂ ಇಲ್ಲಿನವರನ್ನು ‘ದಖನಿ’ಗಳೆಂದೂ ಕರೆಯುತ್ತಿದ್ದರು. ಇಬ್ಬರ ನಡುವಿನ ಮತ್ಸರ ಇತಿಹಾಸ ಪುಸ್ತಕಗಳಲ್ಲಿ ಪುಟಗಟ್ಟಲೆ ಇದೆ. ಗಿಲಾನಿನಿಂದ ವ್ಯಾಪಾರಿಯಾಗಿ ಬಂದ ಮಹಮೂದ್ ಗವಾನ ವಜೀರನಾಗಿ, 1472ರಲ್ಲಿ ಆ ಭವ್ಯ ಮದರಸಾ ಕಟ್ಟಿಸಿದ. 1481ರಲ್ಲಿ ಒಂದು ಖೋಟಾ ಪತ್ರವನ್ನು ನಂಬಿದ ಸುಲ್ತಾನ ಅವನ ತಲೆ ತೆಗೆಸಿದ. ಹತ್ತು ದಿನದ ನೋಟೀಸೂ ಇಲ್ಲ! ಮದರಸಾದ ಮಿನಾರಿನ ಮೇಲಿನ ಬಣ್ಣದ ಹೆಂಚು ಮಾತ್ರ ಅವನ ಕೆಲಸಕ್ಕೆ ಇಂದಿಗೂ ಸಾಕ್ಷಿ ಹೇಳುತ್ತಿದೆ.

ಹದಿಮೂರು ಅಂಗಿ

ಈ ಕಸುಬುದಾರರಲ್ಲಿ ದಾಖಲೆ ಮಾಡಿದವನೊಬ್ಬನಿದ್ದಾನೆ. ಹೆಸರು ಇಶ್ ಸ್ಮಿತ್. ಅಮೆರಿಕದ ಉತ್ತರ ಕೆರೋಲಿನಾದವನು. ಎತ್ತರ ಆರೇ ಅಡಿ; ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಇದು ಗಿಡ್ಡ ಎನ್ನಿಸಿಕೊಳ್ಳುವ ಎತ್ತರ. 2010ರ ಆಯ್ಕೆಯಲ್ಲಿ ಅವನನ್ನು ಯಾರೂ ಕರೆಯಲಿಲ್ಲ. ತಾನಾಗಿ ಹೋಗಿ ಹ್ಯೂಸ್ಟನ್ ತಂಡದ ಬಾಗಿಲು ತಟ್ಟಿ ಒಳಗೆ ಸೇರಿದ. ಅಲ್ಲಿಂದ ಮುಂದೆ ಮೆಂಫಿಸ್, ಗೋಲ್ಡನ್ ಸ್ಟೇಟ್, ಒರ್ಲಾಂಡೊ, ಮಿಲ್ವಾಕಿ, ಫೀನಿಕ್ಸ್ ಎಂದು ಊರಿಂದೂರಿಗೆ ಸಾಗಿದ. ಡೆಟ್ರಾಯಿಟಿನಲ್ಲಿ ಮೂರು ವರ್ಷ ನಿಂತದ್ದೇ ಹೆಚ್ಚು. 2022ರಲ್ಲಿ ಡೆನ್ವರ್ ನಗೆಟ್ಸ್ ಸೇರಿದಾಗ ಅದು ಅವನ ಹದಿಮೂರನೆಯ ತಂಡ. ಎನ್‌ಬಿಎ ಚರಿತ್ರೆಯಲ್ಲಿ ಅದುವರೆಗೆ ಹನ್ನೆರಡು ತಂಡಗಳಿಗೆ ಆಡಿದವರಿದ್ದರು, ಹದಿಮೂರಕ್ಕೆ ಆಡಿದವರಿರಲಿಲ್ಲ. 2023ರ ಜೂನಿನಲ್ಲಿ ಡೆನ್ವರ್ ಚಾಂಪಿಯನ್ ಆಯಿತು. ಹದಿಮೂರು ಬಣ್ಣದ ಅಂಗಿ ತೊಟ್ಟ ಮೇಲೆ ಇಶ್ ಸ್ಮಿತ್‌ಗೆ ಚಾಂಪಿಯನ್ನರ ಉಂಗುರ ಸಿಕ್ಕಿತು.

ಇಂಥವನನ್ನು ತಂಡಗಳು ಮತ್ತೆ ಮತ್ತೆ ಕರೆದದ್ದೇಕೆ? ಅವನು ಅದ್ಭುತ ಆಟಗಾರನೆಂದಲ್ಲ. ಚೆಂಡನ್ನು ಕಳೆದುಕೊಳ್ಳದೆ ವೇಗವಾಗಿ ಸಾಗಿಸಿ, ಸರಿಯಾದವನ ಕೈಗೆ ಕೊಡುವುದು ಅವನಿಗೆ ಗೊತ್ತಿತ್ತು. ಯಾವ ತಂಡದ ಯಾವ ಪದ್ಧತಿಗಾದರೂ ನಾಲ್ಕು ದಿನದಲ್ಲಿ ಹೊಂದಿಕೊಳ್ಳುತ್ತಿದ್ದ. ಬೆಂಚಿನ ಮೇಲೆ ಕುಳಿತಾಗ ಮುಖ ಗಂಟು ಹಾಕಿಕೊಳ್ಳುತ್ತಿರಲಿಲ್ಲ. ಒಂದು ಕೆಲಸವನ್ನು ಚೊಕ್ಕವಾಗಿ ಮಾಡಬಲ್ಲವನಿಗೆ ಮನೆ ಕಟ್ಟುವ ಕಡೆಯಲ್ಲೆಲ್ಲ ಕರೆ ಬರುತ್ತದೆ; ಇದು ಗೌಂಡಿಯ ಲೋಕದ ನಿಯಮ, ಆಟದ ಲೋಕದ ನಿಯಮವೂ ಹೌದು.

ಬಲ್ಲೋಕೆಯ ಹುಡುಗ

ಬೀದರಿಗೂ ಪಂಜಾಬಿಗೂ ಹಳೆಯ ನಂಟು. 1699ರಲ್ಲಿ ಗುರು ಗೋವಿಂದಸಿಂಗರ ಕರೆಗೆ ತಲೆಯೊಡ್ಡಿ ಎದ್ದು ನಿಂತ ಐವರು ‘ಪಂಜ್ ಪ್ಯಾರೆ’ಗಳಲ್ಲಿ ಒಬ್ಬರಾದ ಸಾಹಿಬ್ ಸಿಂಗ್ ಬೀದರಿನವರು. ನಾನಕ ಝೀರಾದ ಗುರುದ್ವಾರಕ್ಕೆ ಉತ್ತರದ ಯಾತ್ರಿಕರು ಬಂದು ಹೋಗುತ್ತಲೇ ಇರುತ್ತಾರೆ. ಅವರ ನಡುವೆ ಆರೂವರೆ ಅಡಿಯ ಆಳು ಕಂಡರೆ ಬೀದರಿನ ಅಂಗಡಿಯವರಿಗೆ ಆಶ್ಚರ್ಯವಾಗುವುದಿಲ್ಲ. ಭಾರತದಿಂದ ಹೊರಟ ಬ್ಯಾಸ್ಕೆಟ್‌ಬಾಲ್ ಕಸುಬುದಾರರಲ್ಲಿ ಹೆಚ್ಚಿನವರು ಅದೇ ನಾಡಿನವರು.

ಸತ್ನಾಮ್ ಸಿಂಗ್ ಭಮಾರಾ ಹುಟ್ಟಿದ್ದು 1995ರಲ್ಲಿ, ಬರ್ನಾಲಾ ಕಡೆಯ ಬಲ್ಲೋಕೆ ಎಂಬ ಚಿಕ್ಕ ಹಳ್ಳಿಯಲ್ಲಿ. ತಂದೆ ರೈತ, ಅವರೂ ಏಳಡಿಯ ಎತ್ತರದವರು. ಹುಡುಗನನ್ನು ಲುಧಿಯಾನದ ಬ್ಯಾಸ್ಕೆಟ್‌ಬಾಲ್ ಅಕಾಡೆಮಿಗೆ ಸೇರಿಸಿದರು. ಅಲ್ಲಿ ಕಲಿಸುತ್ತಿದ್ದವರು ದಕ್ಷಿಣದಿಂದ ಹೋಗಿ ಪಂಜಾಬಿನಲ್ಲಿ ನೆಲೆನಿಂತ ಡಾ. ಎಸ್. ಸುಬ್ರಮಣಿಯನ್ ಎಂಬ ಗುರುಗಳು. 2010ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ವಿದ್ಯಾರ್ಥಿವೇತನ ಪಡೆದು ಸತ್ನಾಮ್ ಅಮೆರಿಕದ ಫ್ಲಾರಿಡಾದ ಅಕಾಡೆಮಿಗೆ ಹೋದ. ಭಾಷೆ ಬಾರದು, ಊಟ ಹಿಡಿಸದು. 2015ರ ಜೂನ್ 25ರಂದು ಡಲ್ಲಾಸ್ ಮಾವರಿಕ್ಸ್ ತಂಡ ಅವನನ್ನು ಐವತ್ತೆರಡನೆಯ ಆಯ್ಕೆಯಾಗಿ ಕರೆಯಿತು. ಭಾರತದಲ್ಲಿ ಹುಟ್ಟಿ ಬೆಳೆದವನೊಬ್ಬ ಎನ್‌ಬಿಎ ಆಯ್ಕೆಯಲ್ಲಿ ಕರೆಸಿಕೊಂಡದ್ದು ಅದೇ ಮೊದಲು. 2016ರಲ್ಲಿ ಅವನ ಮೇಲೆ ಸಾಕ್ಷ್ಯಚಿತ್ರವೂ ಬಂತು.

ಆದರೆ ಮೇಲಿನ ತಂಡದ ಅಂಗಳಕ್ಕೆ ಅವನು ಇಳಿಯಲಿಲ್ಲ. ಎರಡು ಋತು ಟೆಕ್ಸಾಸ್ ಲೆಜೆಂಡ್ಸ್ ಎಂಬ ಕಿರಿಯ ತಂಡದಲ್ಲಿ, ಹೆಚ್ಚು ಕಾಲ ಬೆಂಚಿನ ಮೇಲೆ, ಕಳೆದ. ಈ ಕಿರಿಯ ಲೀಗಿನ ಸಂಬಳ ಕಡಿಮೆ; 2018–19ರಲ್ಲಿ ಏರಿಸಿದ ಮೇಲೂ ಇಡೀ ಋತುವಿಗೆ 35,000 ಡಾಲರ್. ಮೇಲಿನ ಕೋಟ್ಯಧೀಶರಿಗೂ ಇವರಿಗೂ ನಡುವೆ ಇರುವುದು ಕೆಲವೊಮ್ಮೆ ಒಂದು ಬಾಗಿಲು ಮಾತ್ರ. 2018–19ರಲ್ಲಿ ಸತ್ನಾಮ್ ಕೆನಡಾದ ಸೇಂಟ್ ಜಾನ್ಸ್ ಎಡ್ಜ್ ತಂಡಕ್ಕೆ ಆಡಿದ. 2019ರ ನವೆಂಬರಿನಲ್ಲಿ, ದಕ್ಷಿಣ ಏಷ್ಯಾ ಕ್ರೀಡಾಕೂಟಕ್ಕೆ ಮುನ್ನ, ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಹೈಜೆನಮೈನ್ ಎಂಬ ವಸ್ತು ಪತ್ತೆಯಾಗಿ, ಎರಡು ವರ್ಷದ ನಿಷೇಧ ಬಿತ್ತು. ಕೆಲವು ಗಿಡಗಳಲ್ಲಿ ಸಹಜವಾಗಿಯೇ ಇರುವ ಈ ರಾಸಾಯನಿಕ, ‘ಶಕ್ತಿವರ್ಧಕ’ ಎಂದು ಮಾರುವ ಪುಡಿಗಳಲ್ಲೂ ಸೇರಿರುವುದುಂಟು. ಶ್ವಾಸನಾಳವನ್ನು ಹಿಗ್ಗಿಸಿ ಹೃದಯದ ಬಡಿತ ಹೆಚ್ಚಿಸುವ ಗುಣ ಇದಕ್ಕಿದೆ. ಪುಡಿಯ ಡಬ್ಬಿಯ ಮೇಲೆ ಚಿತ್ರ ನೋಡಿ ಕೊಳ್ಳುವ ಜಿಮ್ ಹುಡುಗರು ಈ ಒಂದು ಸಾಲನ್ನು ಎರಡು ಸಲ ಓದಬೇಕು. ತಿಳಿಯದೆ ತಿಂದೆ ಎಂದರೆ ನಿಯಮ ಕೇಳುವುದಿಲ್ಲ. ಮೈಯಲ್ಲಿ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ.

ನಿಷೇಧ ಮುಗಿಯುವ ಮೊದಲೇ, 2021ರಲ್ಲಿ, ಸತ್ನಾಮ್ ಅಮೆರಿಕದ ವೃತ್ತಿಪರ ಕುಸ್ತಿ ಪ್ರದರ್ಶನದ ಕಂಪನಿಯೊಂದಕ್ಕೆ ಸಹಿ ಹಾಕಿದ. 2022ರಿಂದ ಅಲ್ಲಿನ ಅಖಾಡದಲ್ಲಿ ಕಾಣಿಸಿಕೊಂಡ. ಬ್ಯಾಸ್ಕೆಟ್‌ಬಾಲ್ ಹೋಯಿತು, ಎತ್ತರ ಉಳಿಯಿತು, ಆ ಎತ್ತರವೇ ಇನ್ನೊಂದು ಅನ್ನವಾಯಿತು. ಜಾತ್ರೆಯಿಂದ ಜಾತ್ರೆಗೆ, ಔರಾದಿನ ಅಮರೇಶ್ವರನಿಂದ ಗಡಿಯಾಚೆಯ ಉದಗೀರ, ದೇಗಲೂರುಗಳವರೆಗೆ, ಲಂಗೋಟಿ ಚೀಲದಲ್ಲಿಟ್ಟುಕೊಂಡು ತಿರುಗುವ ಪೈಲವಾನರನ್ನು ಕಂಡವರಿಗೆ ಈ ತಿರುವು ವಿಚಿತ್ರವೆನಿಸಲಾರದು.

ಸತ್ನಾಮನ ಸದ್ದಿನಲ್ಲಿ ಇಬ್ಬರು ಮರೆಯಾದರು. ಅಮೃತಪಾಲ್ ಸಿಂಗ್ ಮತ್ತು ಅಮ್‌ಜ್ಯೋತ್ ಸಿಂಗ್. ಇವರೂ ಲುಧಿಯಾನದ ಅದೇ ಗುರುಗಳ ಶಿಷ್ಯರು. 2014ರ ಜುಲೈಯಲ್ಲಿ ಚೀನಾದ ವುಹಾನಿನಲ್ಲಿ, ಚೀನೀಯರ ಅಂಗಳದಲ್ಲೇ, ಭಾರತ ಚೀನಾವನ್ನು 65–58ರಿಂದ ಸೋಲಿಸಿದ ತಂಡದಲ್ಲಿ ಇಬ್ಬರೂ ಇದ್ದರು. 2015–16ರಲ್ಲಿ ಇಬ್ಬರೂ ಜಪಾನಿನ ಟೋಕಿಯೊ ಎಕ್ಸಲೆನ್ಸ್ ತಂಡಕ್ಕೆ ದುಡಿದರು. ಅದು ಜಪಾನಿನ ಎರಡನೆಯ ದರ್ಜೆಯ ಲೀಗು. 2017ರಲ್ಲಿ ಅಮೃತಪಾಲ್ ಆಸ್ಟ್ರೇಲಿಯದ ಸಿಡ್ನಿ ಕಿಂಗ್ಸ್ ಸೇರಿ, ಆ ದೇಶದ ಮುಖ್ಯ ಲೀಗಿನಲ್ಲಿ ಆಡಿದ ಮೊದಲ ಭಾರತೀಯನಾದ. ಅದೇ ವರ್ಷ ಅಮ್‌ಜ್ಯೋತ್ ಅಮೆರಿಕದ ಕಿರಿಯ ಲೀಗಿನಲ್ಲಿ ಒಕ್ಲಹೋಮ ಸಿಟಿ ಬ್ಲೂ ತಂಡದ ಅಂಗಿ ತೊಟ್ಟ. ಇಬ್ಬರೂ ಹೋದರು, ಆಡಿದರು, ಬಂದರು, ದೇಶದ ತಂಡಕ್ಕೆ ಮತ್ತೆ ಆಡಿದರು. ಕಸುಬುದಾರನ ಬದುಕೆಂದರೆ ಇದೇ.

ಹೆಣ್ಣುಮಕ್ಕಳಲ್ಲಿ ಕೇರಳದ ಗೀತು ಅನ್ನಾ ಜೋಸ್ ಎಲ್ಲರಿಗಿಂತ ಮೊದಲೇ ಈ ದಾರಿ ತುಳಿದಿದ್ದರು. ದಕ್ಷಿಣ ರೈಲ್ವೆಯ ನೌಕರಿಯಲ್ಲಿದ್ದುಕೊಂಡೇ, 2006ರಿಂದ ಆಸ್ಟ್ರೇಲಿಯದ ರಿಂಗ್‌ವುಡ್ ಕ್ಲಬ್ಬಿಗೆ ಆಡಿದರು. 2011ರಲ್ಲಿ ಅಮೆರಿಕದ ಮಹಿಳಾ ಲೀಗಿನ ತಂಡಗಳ ಆಯ್ಕೆ ಪರೀಕ್ಷೆಗೂ ಹೋಗಿಬಂದರು. ಅಲ್ಲಿ ಸ್ಥಾನ ಸಿಗಲಿಲ್ಲ. ಆದರೆ ಹಿಂದಿರುಗಿ ಬಂದಾಗ ರೈಲ್ವೆಯ ಹಾಜರಿ ಪುಸ್ತಕದಲ್ಲಿ ಅವರ ಹೆಸರು ಇತ್ತು. ಈ ಮಾತಿಗೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಎತ್ತರದ ಬೆಲೆ

ಎತ್ತರವಿದ್ದರೆ ಸಾಕೆಂಬುದು ಹೊರಗಿನವರ ನಂಬಿಕೆ. ಎತ್ತರಕ್ಕೊಂದು ಬೆಲೆ ತೆರಬೇಕೆಂಬುದನ್ನು ಹೈಸ್ಕೂಲಿನ ಗಣಿತವೇ ಹೇಳುತ್ತದೆ. 1.73 ಮೀಟರ್ ಎತ್ತರದ ಮನುಷ್ಯನನ್ನು ಅದೇ ಅಳತೆಯ ಪ್ರಮಾಣದಲ್ಲಿ 2.18 ಮೀಟರಿಗೆ ಹಿಗ್ಗಿಸಿದೆವೆನ್ನಿ. ಎತ್ತರ ಹೆಚ್ಚಿದ್ದು 1.26 ಪಟ್ಟು. ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣ ಅದರ ವರ್ಗದಂತೆ, ಅಂದರೆ ಸುಮಾರು 1.6 ಪಟ್ಟು ಹೆಚ್ಚುತ್ತದೆ. ತೂಕ ಮಾತ್ರ ಘನದಂತೆ, ಅಂದರೆ ಎರಡು ಪಟ್ಟಾಗುತ್ತದೆ. 1.6 ಪಟ್ಟಿನ ಕಂಬದ ಮೇಲೆ ಎರಡು ಪಟ್ಟು ಭಾರ! ಆ ಭಾರ ಹೊತ್ತು ಹಾರಿ ಇಳಿಯುವಾಗ ಪಾದ, ಮೊಣಕಾಲುಗಳು ಏನು ಅನುಭವಿಸುತ್ತವೆ ಎಂಬುದನ್ನು ಊಹಿಸಬಹುದು. ಚೀನಾದ ಯಾವೊ ಮಿಂಗ್, 2.29 ಮೀಟರಿನ ಮಹಾ ಆಟಗಾರ, ಪಾದದ ಗಾಯಗಳಿಂದಾಗಿ 2011ರಲ್ಲಿ ಮೂವತ್ತರ ಹರೆಯದಲ್ಲೇ ಆಟ ಬಿಟ್ಟದ್ದು ಇದಕ್ಕೊಂದು ಉದಾಹರಣೆ.

ಎತ್ತರವಿಲ್ಲದವನ ಬಂಡವಾಳ ಕೈಯ ನಿಖರತೆ. ಬುಟ್ಟಿಯ ಬಳೆ ನೆಲದಿಂದ 3.05 ಮೀಟರ್ ಮೇಲಿದೆ, ಅಡ್ಡಳತೆ 45 ಸೆಂಟಿಮೀಟರ್. ಚೆಂಡಿನ ಅಡ್ಡಳತೆ ಸುಮಾರು 24. ಚೆಂಡು ನೇರ ಮೇಲಿಂದ ಬಿದ್ದರೆ ಅದಕ್ಕೆ ಕಾಣುವುದು ಪೂರ್ತಿ 45ರ ಬಾಗಿಲು. ಓರೆಯಾಗಿ ಬಂದಷ್ಟೂ ಆ ಬಾಗಿಲು ಕಿರಿದಾಗುತ್ತ ಹೋಗುತ್ತದೆ. 45 ಡಿಗ್ರಿ ಕೋನದಲ್ಲಿ ಇಳಿಯುವ ಚೆಂಡಿಗೆ ಸಿಗುವುದು ಸುಮಾರು 32 ಸೆಂಟಿಮೀಟರ್. 30 ಡಿಗ್ರಿಯಲ್ಲಿ ಬಂದರೆ ಇಪ್ಪತ್ತೆರಡೂವರೆ ಮಾತ್ರ. 24ರ ಚೆಂಡು ಬಳೆಗೆ ತಾಗದೆ ಒಳಹೋಗುವ ಮಾತೇ ಇಲ್ಲ. ಆದ್ದರಿಂದಲೇ ಒಳ್ಳೆಯ ಎಸೆತ ಕಮಾನಿನಂತೆ ಮೇಲೆದ್ದು ಇಳಿಯುತ್ತದೆ. ಜತೆಗೆ ಬೆರಳ ತುದಿಯಿಂದ ಹಿಂದಕ್ಕೆ ಒಂದು ತಿರುಗು ಕೊಟ್ಟರೆ, ಹಲಗೆಗೆ ಬಡಿದ ಚೆಂಡು ಕೆಳಮುಖವಾಗಿ ಬುಟ್ಟಿಗೆ ಜಾರುತ್ತದೆ. ಇದನ್ನು ಕಲಿಯಲು ಏಳಡಿ ಬೇಕಿಲ್ಲ. ದಿನಕ್ಕೆ ಇನ್ನೂರು ಎಸೆತ, ವರ್ಷಾನುಗಟ್ಟಲೆ, ಅಷ್ಟೆ.

ನೌಕರಿಯ ನೆರಳು

ಭಾರತದಲ್ಲಿ ಇಂಥ ಕಸುಬುದಾರರು ಯಾಕೆ ಕಡಿಮೆ? ಇಲ್ಲಿ ಆಟಗಾರನಿಗೆ ಅನ್ನ ಹಾಕಿದ್ದು ಲೀಗುಗಳಲ್ಲ, ನೌಕರಿ. ರೈಲ್ವೆ, ಬ್ಯಾಂಕು, ತೈಲ ನಿಗಮ, ಪೊಲೀಸ್, ಸೇನೆ: ಇವು ತಂಡ ಕಟ್ಟಿದವು, ಕ್ರೀಡಾ ಕೋಟಾದಲ್ಲಿ ಕೆಲಸ ಕೊಟ್ಟವು. ಬೆಂಗಳೂರಿನ ವಿಜಯಾ ಬ್ಯಾಂಕಿನ ತಂಡ ಒಂದು ಕಾಲಕ್ಕೆ ದೇಶದಲ್ಲಿ ಹೆಸರುವಾಸಿ. 2019ರ ಏಪ್ರಿಲ್ 1ರಂದು ಆ ಬ್ಯಾಂಕೇ ಬ್ಯಾಂಕ್ ಆಫ್ ಬರೋಡದಲ್ಲಿ ಲೀನವಾಯಿತು. ಲೀಗುಗಳ ಪ್ರಯತ್ನವೂ ನಡೆಯಿತು. 2015ರಲ್ಲಿ ಯುಬಿಎ ಎಂಬ ವೃತ್ತಿಪರ ಲೀಗು ಹುಟ್ಟಿತು. ಬೆಂಗಳೂರು ಬೀಸ್ಟ್ ಎಂಬ ತಂಡವೂ ಇತ್ತು. 2017ರ ನಂತರ ಅದು ನಡೆಯಲಿಲ್ಲ. 2022ರಲ್ಲಿ ಐಎನ್‌ಬಿಎಲ್ ಎಂಬ ಇನ್ನೊಂದು ಲೀಗು ಆರು ನಗರಗಳ ಹೆಸರಿನಲ್ಲಿ ಶುರುವಾಯಿತು. ಅದರಲ್ಲಿ ಬೆಂಗಳೂರು ಕಿಂಗ್ಸ್ ಒಂದು. ಲೀಗು ಬರುತ್ತದೆ, ಹೋಗುತ್ತದೆ. ಆಟಗಾರನ ಹಸಿವು ಮಾತ್ರ ದಿನಾಲೂ ಬರುತ್ತದೆ. ಹಾಗಾಗಿ ‘ಮೊದಲು ನೌಕರಿ ನೋಡು’ ಎಂದ ತಂದೆತಾಯಿಗಳನ್ನು ದೂರುವಂತಿಲ್ಲ.

ಗೀತು ಅವರ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನೌಕರಿಯೂ ಇತ್ತು, ಹೊರಗೆ ಹೋಗಿ ಆಡುವ ಧೈರ್ಯವೂ ಇತ್ತು. ಒಂದು ಇನ್ನೊಂದಕ್ಕೆ ಅಡ್ಡ ಬರಲಿಲ್ಲ, ಆಸರೆಯಾಯಿತು. ಆಟಗಾರನ ದುಡಿಮೆಯ ಕಾಲ ಬಹಳವೆಂದರೆ ಇಪ್ಪತ್ತರಿಂದ ಮೂವತ್ತೈದು. ಆಮೇಲೂ ಅಷ್ಟೇ ಉದ್ದದ ಬದುಕು ಎದುರಿಗಿರುತ್ತದೆ. ಅದಕ್ಕೆ ಬೇಕಾದ್ದು ಒಂದು ಪದವಿಯೋ, ಒಂದು ಕೈಕೆಲಸವೋ, ತರಬೇತುದಾರನ ಪ್ರಮಾಣಪತ್ರವೋ. ಆಟವಾಡುತ್ತಿರುವಾಗಲೇ ಅದನ್ನು ಗಳಿಸಿಕೊಳ್ಳದವನಿಗೆ ಮೂವತ್ತಾರನೆಯ ವರ್ಷ ಬಹಳ ಕಠಿಣ.

ನೆಲದ ಪ್ರಶ್ನೆ

ಇಷ್ಟೆಲ್ಲ ಹೇಳಿದ ಮೇಲೆ, ಬೀದರ್ ಜಿಲ್ಲೆಯಿಂದ ಒಬ್ಬ ಅಮೃತಪಾಲನೋ ಒಬ್ಬಳು ಗೀತುವೋ ಯಾಕೆ ಬರಬಾರದು ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಮಕ್ಕಳಲ್ಲಿಲ್ಲ, ನೆಲದಲ್ಲಿದೆ.

ಕಬಡ್ಡಿಗೆ ಯಾವ ನೆಲವಾದರೂ ಸರಿ. ವಾಲಿಬಾಲಿನಲ್ಲಿ ಚೆಂಡು ನೆಲ ಮುಟ್ಟಿದರೆ ಆಟವೇ ನಿಲ್ಲುತ್ತದೆ. ಆದ್ದರಿಂದ ನೆಲ ಹೇಗಿದ್ದರೂ ನಡೆಯುತ್ತದೆ. ಬ್ಯಾಸ್ಕೆಟ್‌ಬಾಲ್ ಹಾಗಲ್ಲ. ಚೆಂಡನ್ನು ನೆಲಕ್ಕೆ ಬಡಿಯುತ್ತಲೇ ಮುಂದೆ ಸಾಗಬೇಕು. ಬಡಿದ ಚೆಂಡು ಪ್ರತಿ ಸಲವೂ ಒಂದೇ ರೀತಿ ಕೈಗೆ ಮರಳಬೇಕು. ಬೀದರ್ ನಗರ ಕುಳಿತಿರುವುದು ಕೆಂಪು ಜಂಬಿಟ್ಟಿಗೆಯ ದಿನ್ನೆಯ ಮೇಲೆ. ಅಲ್ಲಿನ ಮುರುಮ್ ನೆಲವನ್ನು ದಮ್ಮಸು ಮಾಡಿದರೆ ಚೆಂಡು ತಕ್ಕಮಟ್ಟಿಗೆ ಪುಟಿಯುತ್ತದೆ. ಭಾಲ್ಕಿ, ಔರಾದ ಕಡೆಯದು ಹೆಚ್ಚಾಗಿ ಎರೆಭೂಮಿ. ತೊಗರಿಗೆ, ಜೋಳಕ್ಕೆ ಅದು ಚಿನ್ನ. ಚೆಂಡಿಗೆ ಅದು ಶತ್ರು. ಈ ಮಣ್ಣಿನಲ್ಲಿರುವ ಒಂದು ಬಗೆಯ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮಳೆಗಾಲದಲ್ಲಿ ಕಾಲಿಗೆ ಮೆತ್ತುವ ಕೆಸರು, ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರುಕು. ವರ್ಷದ ಬಹುಪಾಲು ಅದರ ಮೇಲೆ ಚೆಂಡು ಪುಟಿಯುವುದಿಲ್ಲ. ಈ ಆಟ ಹುಟ್ಟಿದ್ದೇ 1891ರ ಚಳಿಗಾಲದಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ, ಮರದ ನೆಲದ ಕೋಣೆಯೊಳಗೆ. ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟರು ಹಣ್ಣಿನ ಬುಟ್ಟಿಗಳನ್ನು ಮೊಗಸಾಲೆಯ ಕಟಾಂಜನಕ್ಕೆ ಕಟ್ಟಿಸಿ ಶುರು ಮಾಡಿದ ಆಟ ಇದು. ಇಂಡಿಯಾದಲ್ಲಿ ನಗರಗಳ ಕಾಲೇಜು, ಕ್ಲಬ್ಬು, ದಂಡುಪ್ರದೇಶಗಳಲ್ಲಿ ಬೆಳೆದು ಹಳ್ಳಿಗೆ ಇಳಿಯದೆ ಉಳಿದದ್ದಕ್ಕೆ ಜಾತಿ, ದುಡ್ಡುಗಳ ಜತೆ ಮಣ್ಣೂ ಒಂದು ಕಾರಣ.

ಹಾಗೆಂದು ಇದು ಬಗೆಹರಿಯದ ಸಮಸ್ಯೆಯಲ್ಲ. ಪೂರ್ತಿ ಅಂಗಳ 28 ಮೀಟರ್ ಉದ್ದ, 15 ಮೀಟರ್ ಅಗಲ. ಮಕ್ಕಳು ಕಲಿಯಲು ಅರ್ಧ ಸಾಕು. 14ನ್ನು 15ರಿಂದ ಗುಣಿಸಿದರೆ 210 ಚದರ ಮೀಟರ್. ಹತ್ತು ಸೆಂಟಿಮೀಟರ್ ದಪ್ಪ ಕಾಂಕ್ರೀಟ್ ಹಾಸಿದರೆ 21 ಘನ ಮೀಟರ್. ಮೂರು ಮಂದಿಯ ಎರಡು ತಂಡಗಳು ಒಂದೇ ಬುಟ್ಟಿಗೆ ಆಡುವ ಪಂದ್ಯ 2021ರ ಟೋಕಿಯೊ ಒಲಿಂಪಿಕ್ಸಿನಿಂದ ಒಲಿಂಪಿಕ್ಸಿನ ಆಟವೂ ಆಗಿದೆ. ಅದಕ್ಕೆ ಅರ್ಧ ಅಂಗಳವೇ ಪೂರ್ತಿ ಅಂಗಳ. ಎರೆಮಣ್ಣಿನ ಮೇಲೆ ನೇರವಾಗಿ ಕಾಂಕ್ರೀಟ್ ಸುರಿದರೆ ಎರಡು ಮಳೆಗಾಲದಲ್ಲಿ ಸೀಳುತ್ತದೆ. ಮೇಲಿನ ಕರಿಮಣ್ಣು ತೆಗೆದು, ಮುರುಮ್ ತುಂಬಿ, ನೀರು ಹಾಕಿ ಬಡಿದು, ಸುತ್ತ ಚರಂಡಿ ಬಿಟ್ಟು ಹಾಸಬೇಕು. ಸುಗ್ಗಿಯಲ್ಲಿ ಊರವರು ಅದರ ಮೇಲೆ ತೊಗರಿ, ಉದ್ದು ಒಣಗಿಸಿಕೊಳ್ಳುತ್ತಾರೆ ಎಂಬ ಆಕ್ಷೇಪ ಬರಬಹುದು. ಒಣಗಿಸಿಕೊಳ್ಳಲಿ, ಸಂಜೆ ಐದಕ್ಕೆ ರಾಶಿ ಬಳಿದುಕೊಂಡರಾಯಿತು. ಊರಿಗೆ ಉಪಯೋಗವಾಗುವ ಅಂಗಳವನ್ನು ಊರೇ ಕಾಯುತ್ತದೆ.

2017ರ ಜುಲೈಯಲ್ಲಿ ಬೆಂಗಳೂರಿನಲ್ಲಿ ನಡೆದ ಏಷ್ಯಾ ಮಹಿಳಾ ಕಪ್ಪಿನ ಬಿ ವಿಭಾಗದ ಅಂತಿಮ ಪಂದ್ಯದಲ್ಲಿ ಭಾರತದ ಹೆಣ್ಣುಮಕ್ಕಳು ಕಜಕಿಸ್ತಾನವನ್ನು 75–73ರಿಂದ, ಎರಡೇ ಅಂಕದ ಅಂತರದಲ್ಲಿ, ಸೋಲಿಸಿದರು. ಎರಡು ಅಂಕವೆಂದರೆ ಒಂದು ಬುಟ್ಟಿ. ಇಂಥ ಒಂದು ಬುಟ್ಟಿ ಹಾಕುವ ಕೈ ಎಲ್ಲಿಂದ ಬರುತ್ತದೆ ಎಂದು ಮೊದಲೇ ಹೇಳಲಾಗದು. ಬೀದರಿನ ನೆಹರೂ ಕ್ರೀಡಾಂಗಣದಿಂದ ಬರಬಹುದು. ಬಸ್ಸಿಗೆ ಕಾಯುತ್ತ ನಿಂತ ಔರಾದಿನ ಎತ್ತರದ ಹುಡುಗಿಯೂ ಆಗಿರಬಹುದು.

ಆ ಹುಡುಗಿಗೆ ಎನ್‌ಬಿಎಯ ಕನಸು ಮಾರಬೇಕಾದ ಅಗತ್ಯವಿಲ್ಲ. ನಾನೂರ ಐವತ್ತು ಕುರ್ಚಿಯ ಲೆಕ್ಕ ಅವಳಿಗೂ ಅರ್ಥವಾಗುತ್ತದೆ. ಆದರೆ ಆಟವೆಂಬುದು ತುದಿ ಮುಟ್ಟಿದವರಿಗಷ್ಟೇ ಅನ್ನ ಕೊಡುವ ಮರವಲ್ಲ, ನಡುಗೊಂಬೆಯಲ್ಲೂ ಹಣ್ಣಿರುತ್ತದೆ ಎಂಬುದನ್ನು ತಿಳಿಸಬಹುದು. ವಿಶ್ವವಿದ್ಯಾಲಯದ ತಂಡ, ರೈಲ್ವೆಯ ನೌಕರಿ, ನಾಲ್ಕು ಋತು ಬೇರೆ ಊರಿನ ಅಂಗಿ, ಕೊನೆಗೆ ಶಾಲೆಯೊಂದರ ದೈಹಿಕ ಶಿಕ್ಷಕಿಯ ಸೀಟಿ. ಇದೂ ಒಂದು ತುಂಬಿದ ಬದುಕೇ. ಅದಕ್ಕೆ ಬೇಕಾದ ಮೊದಲ ಬಂಡವಾಳ ಅಮೆರಿಕದಲ್ಲಿಲ್ಲ. ಬೀದರಿನ ಕೆಂಪು ಮುರುಮ್ ಕೆಲವು ಲಾರಿ ಲೋಡು, ಇಪ್ಪತ್ತೊಂದು ಘನ ಮೀಟರ್ ಕಾಂಕ್ರೀಟ್, ಒಂದು ಕಂಬ, ಒಂದು ಬಳೆ, ಮತ್ತು ಸಂಜೆ ಮನೆಗೆ ಹೋಗಲು ಅವಸರಪಡದ ಒಬ್ಬ ಮೇಷ್ಟರು.